ಊರಿಗೆ ಹೋಗಿ ಇರೋಣ ಅನ್ನುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಮುಂಬಯಿ, ಪುಣೆ, ವಾಸ್ಕೋ ಎಲ್ಲಾ ಸಾಕಾಯ್ತು, ಊರಿಗೋ ಕಡಲ ಕಡೆಗೋ ಹೋಗಿ ಇರಬೇಕು, ಹೇಗೆ ಮಾಡೋಣ ಅಂತ. ಆರು ಪತ್ರ ಆರಿಸಿದ್ದೇನೆ. ಬರೆದವರ ಹೆಸರು ಹಾಕಿಲ್ಲ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಅದರಲ್ಲಿರುವ ಸಂಕಟ ಎಷ್ಟೋ ಮನೆಗಳಲ್ಲಿದೆ, ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ.

ಪ್ರಶ್ನೆ: ಅಕ್ಕಾ, ನಾವು ಮದುವೆಯಾದಾಗಿನಿಂದ ಡೊಂಬಿವಿಲಿಯಲ್ಲೇ ಇದ್ದೇವೆ. ನಮ್ಮ ಯಜಮಾನರು ಮುಂದಿನ ವರ್ಷ ರಿಟೈರ್ ಆಗುತ್ತಾರೆ. ಫ್ಲ್ಯಾಟ್ ಮಾರಿ ಕುಂದಾಪುರದ ಹತ್ತಿರ ಇರುವ ಅವರ ಮನೆಗೆ ಹೋಗಿ ಇದ್ದುಬಿಡೋಣ ಅನ್ನುತ್ತಾರೆ. ಅಲ್ಲಿ ಅತ್ತೆ ಒಬ್ಬರೇ ಇದ್ದಾರೆ. ಜಾಗ ಇನ್ನೂ ಮಾವನ ಹೆಸರಲ್ಲೇ ಇದೆ, ಅವರು ತೀರಿಕೊಂಡು ತುಂಬಾ ವರ್ಷವಾಯಿತು. ಯಜಮಾನರಿಗೆ ಒಬ್ಬ ತಮ್ಮ, ಇಬ್ಬರು ತಂಗಿಯರು. ನಾನು ಇಲ್ಲಿ ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ನನಗೆ ಊರು ಬೇಡ ಅಂತಲ್ಲ, ಆದರೆ ಹೆದರಿಕೆ. ಏನಾದರೂ ಹೇಳಿದರೆ ನಿನಗೆ ಊರೇ ಇಷ್ಟವಿಲ್ಲ ಅಂತ ಮಾತು ಮುಗಿಸುತ್ತಾರೆ.

ಉತ್ತರ: ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಅದನ್ನು ಊರಿನ ಮೇಲಿನ ಅಸಡ್ಡೆ ಅಂತ ಯಾರೂ ಅನ್ನಬಾರದು. ಮುಂಬಯಿಯಲ್ಲಿ ದುಡಿದ ನಮ್ಮ ಗಂಡಸರಿಗೆ ಊರು ಅಂದರೆ ರಜೆ. ಮತ್ಸ್ಯಗಂಧ ಹತ್ತಿ ಹೋಗುವುದು, ಹಬ್ಬ, ಕೋಲ, ಯಕ್ಷಗಾನ, ತಿಂದುಂಡು ಬರುವುದು. ಅದೇ ಮನೆಗೆ ಸೊಸೆಯಾಗಿ ಹೋದವಳಿಗೆ ರಜೆಯಲ್ಲೂ ಅಡುಗೆ ಮನೆ ಬಿಟ್ಟಿದ್ದಲ್ಲ. ಈಗ ಹೋಗಿ ನಿಂತರೆ ವಯಸ್ಸಾದ ಅತ್ತೆಯನ್ನು ನೋಡಿಕೊಳ್ಳುವುದು, ಅಂಗಳ, ಬಾವಿ, ಬಂದು ಹೋಗುವ ನೆಂಟರು, ದೇವರ ಕಾರ್ಯ ಎಲ್ಲವೂ ಯಾರ ತಲೆ ಮೇಲೆ ಬರುತ್ತದೆ? ಮೊದಲು ಮಾತಾಡಬೇಕಾದದ್ದು ಇದನ್ನೇ. ಬೇರೆ ಎಲ್ಲಕ್ಕಿಂತ ಮೊದಲು. ಯಜಮಾನರ ಹತ್ತಿರ ಊರು ಬೇಕೋ ಬೇಡವೋ ಅಂತ ಚರ್ಚೆಗೆ ಇಳಿಯಬೇಡಿ. ಅಲ್ಲಿ ಬೆಳಿಗ್ಗೆ ಯಾರು ಏನು ಮಾಡುವುದು, ಕೆಲಸಕ್ಕೆ ಜನ ಇಡುವುದಾ, ಅದಕ್ಕೆ ದುಡ್ಡು ಎಲ್ಲಿಂದ, ತಮ್ಮ ತಂಗಿಯರು ಅತ್ತೆಯ ಖರ್ಚಿಗೆ ಏನು ಕೊಡುತ್ತಾರೆ, ಇಷ್ಟನ್ನೇ ಕೂತು ಕೇಳಿ. ಉತ್ತರ ಸಿಗದಿದ್ದರೆ ಹೊರಡುವ ದಿನ ಇನ್ನೂ ಬಂದಿಲ್ಲ ಅಂತ ಲೆಕ್ಕ.

ಇನ್ನು ಜಾಗದ ವಿಷಯ. ಮಾವನ ಹೆಸರಲ್ಲೇ ಪಹಣಿ ಇದೆ ಅಂದರೆ ಪೌತಿ ಖಾತೆ ಆಗಿಲ್ಲ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗಿಲ್ಲ. ಅದು ಮೊದಲು ಆಗಲಿ. ಮರಣ ಪತ್ರ, ವಂಶವೃಕ್ಷ ಹಿಡಿದುಕೊಂಡು ಅರ್ಜಿ ಕೊಡಬೇಕು, ಎಲ್ಲ ವಾರಸುದಾರರ ಹೆಸರೂ ಬರುತ್ತದೆ. ಅತ್ತೆಗೂ ಹಕ್ಕಿದೆ, ತಂಗಿಯರಿಗೂ ಹಕ್ಕಿದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಅವರಿಗೆ ಬೇಡವಂತೆ ಅನ್ನುವುದು ಬರೀ ಮಾತಿನಲ್ಲಿದ್ದರೆ ಸಾಲದು. ನಿಜವಾಗಿ ಬೇಡವಾದರೆ ರಿಜಿಸ್ಟರ್ ಆದ ಹಕ್ಕುಬಿಡುಗಡೆ ಪತ್ರ ಆಗಬೇಕು, ಬೇಕಾದರೆ ವಿಭಾಗ ಪತ್ರ ಆಗಬೇಕು. ನೀವು ಡೊಂಬಿವಿಲಿಯ ಫ್ಲ್ಯಾಟ್ ಮಾರಿದ ದುಡ್ಡನ್ನು ಆ ಮನೆಗೆ ಸುರಿದು, ಮಾಡು ಬದಲಿಸಿ, ಟೈಲ್ಸ್ ಹಾಕಿ, ಬಾತ್‌ರೂಮ್ ಕಟ್ಟಿಸಿದ ಮೇಲೆ ಪಾಲಿನ ಮಾತು ಎದ್ದರೆ ಆಗುವ ನೋವು ದುಡ್ಡಿನದ್ದಷ್ಟೇ ಅಲ್ಲ, ಅಣ್ಣ ತಂಗಿ ಮಾತು ಬಿಡುತ್ತಾರೆ. ಇದನ್ನು ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ನಾನು ಕಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು. ಮನೆ ಹಿಂದಿನ ಗುಡ್ಡವನ್ನೂ ನಮ್ಮದೇ ಅಂತ ಹೇಳುವ ರೂಢಿ ಆ ಕಡೆ ಇದೆ. ಅದು ವರ್ಗ ಜಾಗವೋ (ಸ್ವಂತ ಪಟ್ಟೆಯದ್ದು) ಕುಮ್ಕಿಯೋ ನೋಡಿಕೊಳ್ಳಿ. ಕುಮ್ಕಿ ಆದರೆ ಸೊಪ್ಪು, ಸೌದೆ ತರುವ ಸವಲತ್ತು ಮಾತ್ರ, ಜಾಗ ಸರಕಾರದ್ದು. ಅದರಲ್ಲಿ ಮನೆ ಕಟ್ಟುವ, ಮಾರುವ ಯೋಚನೆ ಬೇಡ.

ಫ್ಲ್ಯಾಟ್ ಈಗ ಮಾರಬೇಡಿ. ನನ್ನ ಅಭಿಪ್ರಾಯ ಖಡಾಖಂಡಿತ. ಕನಿಷ್ಠ ಒಂದು ಮಳೆಗಾಲ, ಒಂದು ಏಪ್ರಿಲ್–ಮೇ ಅಲ್ಲಿ ಕಳೆಯುವ ತನಕ ಬಾಡಿಗೆಗೆ ಕೊಡಿ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು ರಿಜಿಸ್ಟರ್ ಮಾಡಿಸಲೇಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ, ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಮಾಡುತ್ತಾರೆ. ಸೊಸೈಟಿಗೆ ತಿಳಿಸಿ, ಪೊಲೀಸ್ ಸ್ಟೇಷನ್‌ಗೆ ಬಾಡಿಗೆದಾರರ ವಿವರ ಕೊಡಿ. ಆ ಬಾಡಿಗೆಯೇ ಊರಿನಲ್ಲಿ ನಿಮ್ಮ ತಿಂಗಳ ಖರ್ಚಿನ ದೊಡ್ಡ ಪಾಲು ತೂಗುತ್ತದೆ. ಮುಂಬಯಿಯಲ್ಲಿ ಒಮ್ಮೆ ಮನೆ ಕೈಬಿಟ್ಟರೆ ಮತ್ತೆ ಅದೇ ದುಡ್ಡಿಗೆ ಅದೇ ಜಾಗದಲ್ಲಿ ಕೊಳ್ಳುವುದು ಕನಸು.

ಕೊನೆಗೂ ಮಾರುವುದಾದರೆ ತೆರಿಗೆ ಲೆಕ್ಕ ಮೊದಲೇ ಹಾಕಿಸಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆ ಮಾರಿದರೆ ಬರುವ ಲಾಭಕ್ಕೆ 12.5 ಶೇಕಡಾ ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ದಾದರೆ ಹಣದುಬ್ಬರದ ಲೆಕ್ಕ ಹಿಡಿದು 20 ಶೇಕಡಾ ಕಟ್ಟುವ ದಾರಿಯೂ ಇದೆ, ಯಾವುದು ಕಡಿಮೆಯೋ ಅದು. ಆ ಲಾಭದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಸಿಗುತ್ತದೆ. ಆದರೆ ಹಳೆ ಮನೆ ರಿಪೇರಿ ಮಾಡಿಸಿದ ಖರ್ಚು ಹೊಸ ಮನೆ ಕಟ್ಟಿದ ಲೆಕ್ಕಕ್ಕೆ ಅಷ್ಟು ಸುಲಭವಾಗಿ ಬರುವುದಿಲ್ಲ, ಅದೂ ಮನೆ ಬೇರೆಯವರ ಹೆಸರಲ್ಲಿದ್ದಾಗ. ನಿಮ್ಮ ಯಜಮಾನರು ಇದನ್ನು ಯೋಚಿಸಿರಲಿಕ್ಕಿಲ್ಲ.

ಮಳೆಗಾಲದ ಮಾತು ಹೇಳಿದೆನಲ್ಲ, ಯಾಕೆಂದರೆ ಮೇ ತಿಂಗಳಲ್ಲಿ ಹೋಗಿ ಮಾವಿನಹಣ್ಣು ತಿಂದು ಬರುವವರಿಗೆ ಆ ಮನೆ ಜುಲೈಯಲ್ಲಿ ಹೇಗಿರುತ್ತದೆ ಗೊತ್ತಿರುವುದಿಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಮುಂಬಯಿಯದ್ದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಂಚಿನ ಮನೆಯಾದರೆ ಮಳೆಗೆ ಮೊದಲು ಯಾರಾದರೂ ಮಾಡಿಗೆ ಹತ್ತಿ ಸರಿದ ಹಂಚು ಸರಿ ಮಾಡಬೇಕು, ಒಡೆದದ್ದು ಬದಲಿಸಬೇಕು. ಹತ್ತಿಸುವ ಮೊದಲು ಪಕಾಸು, ರೀಪುಗಳನ್ನು, ಅಂದರೆ ಹಂಚಿನಡಿಯ ಮರದ ಪಟ್ಟಿಗಳನ್ನು, ಒಂದು ಕೋಲಿನಿಂದ ತಟ್ಟಿ ನೋಡಿಸಿ. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದು ಪುಡಿ ಉದುರಿದರೆ ಒರಲೆ (ಗೆದ್ದಲು) ಒಳಗೆಲ್ಲ ತಿಂದಿದೆ, ಮೇಲೆ ಕಾಲಿಟ್ಟವರ ಜೀವಕ್ಕೇ ಅಪಾಯ. ಒಳಗೆ ಬಟ್ಟೆ ಒಣಗುವುದಿಲ್ಲ, ಕಪಾಟಿನಲ್ಲಿಟ್ಟ ಸೀರೆಗೆ ಬೂಸ್ಟು, ಗಾಳಿ ಮಳೆಗೆ ಮರ ಬಿದ್ದರೆ ಕರೆಂಟು ಹೋಗಿ ಯಾವಾಗ ಬರುತ್ತದೋ. ಇನ್ವರ್ಟರ್ ಮೊದಲ ತಿಂಗಳೇ ಹಾಕಿಸಿ. ಇದೆಲ್ಲ ಹೆದರಿಸಲಿಕ್ಕೆ ಹೇಳಿದ್ದಲ್ಲ. ಆ ಮಳೆಯನ್ನು ಇಷ್ಟಪಟ್ಟು ಅಲ್ಲೇ ಉಳಿದವರೂ ಇದ್ದಾರೆ. ಆದರೆ ನೋಡಿ ಇಷ್ಟಪಡಿ.

ಆಸ್ಪತ್ರೆ ವಿಷಯದಲ್ಲಿ ನೀವು ಅದೃಷ್ಟವಂತರು. ಕುಂದಾಪುರದಿಂದ ಮಣಿಪಾಲಕ್ಕೆ ಒಂದು ಗಂಟೆ ದಾರಿ. ಇದೇ ಪ್ರಶ್ನೆಯನ್ನು ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರು ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡದ ಜನ ಬೀದಿಗಿಳಿದು ಹೋರಾಡಿದ್ದನ್ನು ನೀವೂ ಕೇಳಿರಬಹುದು.

ನಿಮಗೆ ಮಾತ್ರ ಎರಡು ಮಾತು. ಹೋಗುವ ಮೊದಲೇ ಇಲ್ಲೇ ಸ್ಕೂಟರ್ ಕಲಿಯಿರಿ, ಲೈಸೆನ್ಸ್ ಮಾಡಿಸಿ. ಇಲ್ಲಿ ರಿಕ್ಷಾ, ಲೋಕಲ್ ಇದೆ, ಯಾರ ಹಂಗೂ ಇಲ್ಲದೆ ಓಡಾಡುತ್ತೀರಿ. ಅಲ್ಲಿ ಬಸ್ಸಿಗೆ ಕಾಯಬೇಕು. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ ಅಂತ ಕೇಳಿರುತ್ತೀರಿ, ಅದು ಸರಕಾರಿ ಬಸ್ಸಿಗೆ ಮಾತ್ರ, ಉಡುಪಿ ಕಡೆ ಓಡುವುದು ಹೆಚ್ಚಿನವು ಖಾಸಗಿ ಬಸ್ಸು. ಔಷಧಿ ತರಲಿಕ್ಕೂ ಯಜಮಾನರನ್ನು ಕೇಳುವ ಹಾಗಾದರೆ ಒಂದೇ ತಿಂಗಳಲ್ಲಿ ಬೇಸರ ಬಂದುಬಿಡುತ್ತದೆ. ಇನ್ನೊಂದು, ಟ್ಯೂಷನ್ ಬಿಡಬೇಡಿ. ಈಗಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಮುಂದುವರಿಸಿ, ಊರಲ್ಲೂ ಎರಡು ಮಕ್ಕಳಾದರೂ ಸಿಗುತ್ತಾರೆ. ನಿಮ್ಮ ಕೈಯಲ್ಲಿ ನಿಮ್ಮದೇ ದುಡ್ಡು, ದಿನದಲ್ಲಿ ನಿಮ್ಮದೇ ಎರಡು ಗಂಟೆ ಇರಲಿ.

ಪ್ರಶ್ನೆ: ನಾವಿಬ್ಬರೂ ಐಟಿಯಲ್ಲಿ, ಪಿಂಪ್ರಿ-ಚಿಂಚವಾಡದಲ್ಲಿ ಇದ್ದೇವೆ. ಮೂಲ ವಿಜಯಪುರ ಜಿಲ್ಲೆ. ವಾರದಲ್ಲಿ ಒಂದೆರಡು ದಿನ ಆಫೀಸಿಗೆ ಹೋದರೆ ಸಾಕು. ರತ್ನಾಗಿರಿ ಅಥವಾ ಸಿಂಧುದುರ್ಗದಲ್ಲಿ ಸಮುದ್ರ ಕಾಣುವ ಅರ್ಧ ಎಕರೆ ಕೊಂಡು ಮನೆ ಕಟ್ಟುವ ಆಸೆ. ಏಜೆಂಟ್ ಒಬ್ಬರು ನಿಮ್ಮ ತಂದೆಯ ಹೆಸರಲ್ಲಿ ಕರ್ನಾಟಕದಲ್ಲಿ ಹೊಲ ಇದ್ದರೆ ಸಾಕು, ಎಲ್ಲಾ ಆಗುತ್ತದೆ ಅನ್ನುತ್ತಾರೆ. ನಂಬಬಹುದಾ?

ಉತ್ತರ: ಬಾಯಿಮಾತಿಗೆ ನಂಬಬೇಡಿ. ಮಹಾರಾಷ್ಟ್ರದಲ್ಲಿ ಕೃಷಿ ಜಮೀನನ್ನು ರೈತರಲ್ಲದವರು ಸುಮ್ನೆ ಕೊಳ್ಳುವಂತಿಲ್ಲ, 1948ರ ಕೂಳ ಕಾಯ್ದೆ, ಅಂದರೆ ಗೇಣಿ ಕಾಯ್ದೆ, ಅಡ್ಡ ಬರುತ್ತದೆ. ನಿಮ್ಮ ತಂದೆಯ ವಿಜಯಪುರದ ಪಹಣಿ ಇಲ್ಲಿ ನಡೆಯುತ್ತದೆಯೋ ಅನ್ನುವುದನ್ನು ಹೇಳಬೇಕಾದವರು ಏಜೆಂಟ್ ಅಲ್ಲ, ಆ ತಾಲೂಕಿನ ತಹಶೀಲ್ದಾರ್ ಕಚೇರಿ. ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ, ಅಡ್ವಾನ್ಸ್ ಆಮೇಲೆ. ಇಲ್ಲದಿದ್ದರೆ ಎನ್‌ಎ ಆದ, ಅಂದರೆ ಕೃಷಿಯೇತರ ಅಂತ ಪರಿವರ್ತನೆ ಆದ, ಪ್ಲಾಟ್ ನೋಡಿ. ಎನ್‌ಎ ಆಗಲಿದೆ, ಅರ್ಜಿ ಕೊಟ್ಟಿದ್ದೇವೆ ಅನ್ನುವುದು ಬೇಡ, ಆದೇಶದ ಪ್ರತಿ ಕೈಯಲ್ಲಿರಲಿ. ದೊಡ್ಡ ಜಮೀನನ್ನು ಐದೈದು ಗುಂಟೆ ತುಂಡು ಮಾಡಿ, ಹತ್ತು ಜನರ ಹೆಸರನ್ನು ಒಂದೇ ಸಾತ್‌ಬಾರಾದಲ್ಲಿ (ಅಲ್ಲಿಯ ಪಹಣಿ) ಹಾಕಿಸಿ ಮಾರುವವರಿಂದ ದೂರ ಇರಿ. ನಿಮ್ಮ ತುಂಡು ಯಾವುದು ಅಂತ ನಕ್ಷೆಯಲ್ಲಿ ಇರುವುದೇ ಇಲ್ಲ, ನಾಳೆ ಬೇಲಿ ಹಾಕುವಾಗ ಜಗಳ.

ಕರ್ನಾಟಕದಲ್ಲಿ 2020ರ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು, ಭೂಸುಧಾರಣಾ ಕಾಯ್ದೆಯ 79ಎ, 79ಬಿ ಎರಡನ್ನೂ ತೆಗೆದಿದ್ದಾರೆ. ಹಾಗಾಗಿ ಕಾರವಾರ, ಅಂಕೋಲಾ ಕಡೆಯನ್ನೂ ಒಮ್ಮೆ ನೋಡಬಹುದು. ಅಲ್ಲಿ ಮಾತ್ರ ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನು ಅಲ್ಲ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. 1978ರ ಕಾಯ್ದೆ ಪ್ರಕಾರ ಅಂಥದ್ದನ್ನು ಸರಕಾರದ ಅನುಮತಿ ಇಲ್ಲದೆ ಕೊಂಡರೆ ಆ ಖರೀದಿಗೇ ಬೆಲೆಯಿಲ್ಲ, ಮತ್ತು ಆ ಬಡವರ ಭೂಮಿ ಅವರಿಗೇ ಉಳಿಯಬೇಕು ಅನ್ನುವುದು ನ್ಯಾಯವೂ ಹೌದು.

ಸಮುದ್ರ ಕಾಣಬೇಕು ಅಂದಿದ್ದೀರಿ. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ, ನಿಯಮ ಇದೆ. ಹಳ್ಳಿ ಪ್ರದೇಶದಲ್ಲಿ ಅದರ ಮೊದಲ 200 ಮೀಟರ್ ಸಾಮಾನ್ಯವಾಗಿ ಹೊಸ ಮನೆ ಕಟ್ಟಬಾರದ ಜಾಗ. ಹೊಳೆ ಮತ್ತು ಖಾಡಿಗಳ (ಕಡಲ ನೀರು ಒಳಗೆ ಬರುವ ಅಳಿವೆ) ದಂಡೆಗೂ ಇದರ ನಿಯಮ ಬರುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಪಕ್ಕದಲ್ಲೇ ರೆಸಾರ್ಟ್ ಇದೆಯಲ್ಲ ಅಂತ ಏಜೆಂಟ್ ತೋರಿಸಬಹುದು. ಆ ರೆಸಾರ್ಟಿಗೆ ನೋಟಿಸ್ ಬಂದಿದೆಯೋ ಇಲ್ಲವೋ ನಿಮಗೇನು ಗೊತ್ತು?

ಕಾಗದ ಎಲ್ಲಾ ಸರಿ ಇದ್ದರೂ ಮೇ ತಿಂಗಳ ಎರಡನೇ ವಾರ ಹೋಗಿ ನೋಡದೆ ಕೊಳ್ಳಬೇಡಿ. ಕೊಂಕಣದಲ್ಲಿ ಅಷ್ಟು ಮಳೆ ಬಂದರೂ ಮೇಲಿನ ಕೆಂಪುಕಲ್ಲಿನ ಬಯಲಿನಲ್ಲಿ, ಅವರು ಸಡಾ ಅನ್ನುತ್ತಾರಲ್ಲ, ನೀರು ನಿಲ್ಲುವುದಿಲ್ಲ, ಎಲ್ಲಾ ಹರಿದು ಕಡಲಿಗೆ. ಸಮುದ್ರ ಚೆನ್ನಾಗಿ ಕಾಣುವ ಜಾಗಗಳು ಹೆಚ್ಚಾಗಿ ಇಂಥವೇ. ಕೆಳಗೆ ಇಳಿದರೆ ನೀರಿದೆ, ಆದರೆ ಖಾಡಿ ಹತ್ತಿರವಾದರೆ ಬೇಸಿಗೆಯಲ್ಲಿ ಬಾವಿ ಉಪ್ಪಾಗುತ್ತದೆ. ಅಕ್ಕಪಕ್ಕದ ಎರಡು ಮೂರು ಮನೆಯ ಬಾವಿ ನೀರು ಕುಡಿದು ನೋಡಿ, ಟ್ಯಾಂಕರ್ ಯಾವ ತಿಂಗಳಿಂದ ಬರುತ್ತದೆ ಅಂತ ಆ ಮನೆಯ ಹೆಂಗಸರನ್ನೇ ಕೇಳಿ. ಅವರು ಸುಳ್ಳು ಹೇಳುವುದಿಲ್ಲ, ನೀರು ಹೊರುವವರು ಅವರೇ. ದಾರಿಯೂ ಅಷ್ಟೇ ಮುಖ್ಯ. ಈಗ ಓಡಾಡುತ್ತಿರುವ ದಾರಿ ಬೇರೆಯವರ ಜಮೀನಿನ ಮೇಲೆ ಇದ್ದರೆ ಅದು ಕಾಗದದಲ್ಲಿ ಬರಬೇಕು.

ಒಂದು ಸಲಹೆ ನನ್ನದು. ಕೊಳ್ಳುವ ಮೊದಲು ಅದೇ ತಾಲೂಕಿನಲ್ಲಿ ಬಾಡಿಗೆ ಮನೆ ಹಿಡಿದು ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿಂದಲೇ ಕೆಲಸ ಮಾಡಿ ನೋಡಿ. ಇಂಟರ್‌ನೆಟ್, ಕರೆಂಟು, ಘಾಟ್ ರಸ್ತೆ ಮೂರನ್ನೂ ಆ ನಾಲ್ಕು ತಿಂಗಳು ಪರೀಕ್ಷೆ ಮಾಡಿಬಿಡುತ್ತವೆ. ವಾರಕ್ಕೆ ಎರಡು ಸಲ ಪುಣೆಗೆ ಓಡಾಡುವುದು ನಕ್ಷೆಯಲ್ಲಿ ಕಂಡಷ್ಟು ಸುಲಭವಲ್ಲ.

ಪ್ರಶ್ನೆ: ನಾವು ಗದಗ ಕಡೆಯವರು, ಅಪ್ಪನ ಕಾಲದಿಂದ ವಾಸ್ಕೋದಲ್ಲಿ ಬಾಡಿಗೆ ಮನೆ. ನಾನು ಹುಟ್ಟಿದ್ದೂ ಇಲ್ಲೇ. ಪೇಟೆಯಿಂದ ದೂರ ಒಂದು ಹಳ್ಳಿಯಲ್ಲಿ ಸಣ್ಣ ಜಾಗ ಕಡಿಮೆ ಬೆಲೆಗೆ ಇದೆ ಅಂತ ನಮ್ಮವರೇ ಒಬ್ಬರು ಹೇಳುತ್ತಾರೆ. ಸ್ಟಾಂಪ್ ಪೇಪರ್ ಮೇಲೆ ಬರೆದು ಕೊಡುತ್ತಾರಂತೆ. ಪಂಚಾಯ್ತಿ ಮನೆ ನಂಬರು, ಲೈಟ್ ಮೀಟರ್ ತಾವೇ ಮಾಡಿಸಿಕೊಡುತ್ತಾರಂತೆ. ಹೆಂಡತಿಯ ಬಂಗಾರ ಅಡವಿಟ್ಟು ತೆಗೆದುಕೊಳ್ಳಲಾ?

ಉತ್ತರ: ಬೇಡ ತಮ್ಮಾ, ಖಂಡಿತ ಬೇಡ. ನಿಮ್ಮ ಪತ್ರ ಓದಿ ಮನಸ್ಸಿಗೆ ಕಷ್ಟವಾಯಿತು. ಸ್ಟಾಂಪ್ ಪೇಪರ್ ಮೇಲೆ ಬರೆದುಕೊಟ್ಟರೆ ಜಾಗ ನಿಮ್ಮದಾಗುವುದಿಲ್ಲ. ಪವರ್ ಆಫ್ ಅಟಾರ್ನಿ ಕೊಟ್ಟರೂ ಆಗುವುದಿಲ್ಲ, ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ಆಗಬೇಕು. ಮನೆ ನಂಬರು, ಲೈಟ್ ಬಿಲ್ಲು ನೀವು ಅಲ್ಲಿ ವಾಸ ಇದ್ದೀರಿ ಅಂತ ಹೇಳುತ್ತವೆ, ನೆಲ ನಿಮ್ಮದು ಅಂತ ಹೇಳುವುದಿಲ್ಲ.

ಗೋವಾದಲ್ಲಿ ಅಗ್ಗದ ಜಾಗ ಅಂದ ಕೂಡಲೇ ಕೇಳಬೇಕಾದದ್ದು, ಇದು ಕೊಮುನಿದಾದ್ ಜಾಗವಾ ಅಂತ. ಪೋರ್ಚುಗೀಸರಿಗೂ ಮೊದಲಿನಿಂದ ಊರಿನ ಮೂಲ ಮನೆತನಗಳು ಸೇರಿ ಇಟ್ಟುಕೊಂಡು ಬಂದ ಸಮುದಾಯದ ಭೂಮಿ ಅದು. ಅದರಲ್ಲಿ ಕೂತ ಯಾರೋ ಒಬ್ಬ ನಿಮಗೆ ಮಾರಲಿಕ್ಕೆ ಬರುವುದಿಲ್ಲ. ಗದ್ದೆಯಾದರೂ ಕಷ್ಟ, ಭತ್ತದ ಭೂಮಿಯನ್ನು ರೈತರಲ್ಲದವರಿಗೆ ಕೊಡದಂತೆ 2023ರಲ್ಲಿ ಗೋವಾ ಕಾನೂನೇ ಮಾಡಿದೆ. ಸರಿಯಾದ ಜಾಗಕ್ಕೆ ಫಾರ್ಮ್ 1 ಮತ್ತು 14ರಲ್ಲಿ, ಅಂದರೆ ಗೋವಾದ ಪಹಣಿಯಲ್ಲಿ, ಮಾರುವವರ ಹೆಸರು ಇರಬೇಕು. ಜಾಗ ಸೆಟ್ಲ್‌ಮೆಂಟ್ ಝೋನ್, ಅಂದರೆ ವಸತಿ ವಲಯದಲ್ಲಿ ಇರಬೇಕು, ಮನೆ ಕಟ್ಟಲು ಸನದು (ಭೂಪರಿವರ್ತನೆ ಆದೇಶ) ಬೇಕು. ಮುಂಡಕಾರ, ಅಂದರೆ ಭೂಮಾಲೀಕರ ಒಪ್ಪಿಗೆಯಿಂದ ಆ ಜಾಗದಲ್ಲಿ ಮನೆ ಮಾಡಿಕೊಂಡವರು, ಯಾರಾದರೂ ಇದ್ದಾರಾ ಅಂತ ನೋಡಬೇಕು, ಅವರಿಗೆ ಕಾನೂನಿನ ರಕ್ಷಣೆ ಇದೆ. ಮಾರುವವರು ಗೋವಾದವರಾದರೆ ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕಾಗುತ್ತದೆ, ಇಲ್ಲಿಯ ಸಿವಿಲ್ ಕಾನೂನಿನಲ್ಲಿ ಮದುವೆಯಾದವರ ಆಸ್ತಿ ಸಾಮಾನ್ಯವಾಗಿ ಇಬ್ಬರದ್ದೂ ಆಗಿರುತ್ತದೆ.

ಹೇಗೂ ಒಂದು ದಿನ ಸಕ್ರಮ ಆಗುತ್ತದೆ ಅನ್ನುವ ಮಾತೂ ಬರುತ್ತದೆ. ಸಕ್ರಮ ಮಾಡುವ ಕಾನೂನು ಬಂದಾಗ ಅದಕ್ಕೊಂದು ಕಟ್ ಆಫ್ ದಿನಾಂಕ ಇರುತ್ತದೆ, ಅದಕ್ಕಿಂತ ಹಿಂದಿನ ಮನೆಗಳಿಗೆ ಮಾತ್ರ ಅದು. ಇವತ್ತು ಕಟ್ಟುವವರಿಗೆ ಅದರಿಂದ ಏನೂ ಇಲ್ಲ. 2004ರಲ್ಲಿ ನಿಮ್ಮ ವಾಸ್ಕೋದ ಬೈನಾದಲ್ಲಿ ಬುಲ್ಡೋಜರ್ ಬಂದಾಗ ಮಳೆಗಾಲದಲ್ಲಿ ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಯವರು ಎಷ್ಟೋ ಜನ. ನಿಮ್ಮ ಅಪ್ಪನಿಗೆ ಅದೆಲ್ಲ ನೆನಪಿರುತ್ತದೆ, ಕೇಳಿ. ದುಡಿದು ಈ ಊರು ಕಟ್ಟಿದವರಿಗೆ ಒಂದು ಸೂರು ಬೇಕು ಅನ್ನುವುದು ನ್ಯಾಯವಾದ ಆಸೆ. ಅದಕ್ಕೇ ಹೇಳುತ್ತೇನೆ, ಹೆಂಡತಿಯ ಬಂಗಾರವನ್ನು ಇಂಥ ಕಾಗದದ ಮೇಲೆ ಇಡಬೇಡಿ. ದೂರವಾದರೂ, ಚಿಕ್ಕದಾದರೂ, ಬ್ಯಾಂಕು ಸಾಲ ಕೊಡುವಂಥ ಮನೆ ನೋಡಿ. ಬ್ಯಾಂಕಿನ ವಕೀಲರು ಕಾಗದ ನೋಡಿ ಬೇಡ ಅಂದರೆ ನೀವೂ ಬೇಡ ಅನ್ನಿ.

ಪ್ರಶ್ನೆ: ಮೀರಾ ರೋಡ್‌ನಲ್ಲಿ ಇದ್ದೇವೆ. ಮಗಳು ಈಗ ಏಳನೇ ಕ್ಲಾಸು. ಮುಂದಿನ ವರ್ಷ ಉಡುಪಿಗೆ ಹೋದರೆ ಅವಳ ಓದಿಗೆ ತೊಂದರೆಯಾ? ಕನ್ನಡ ಮಾತಾಡುತ್ತಾಳೆ, ಓದಲು ಬರೆಯಲು ಬರುವುದಿಲ್ಲ. ಸಿಇಟಿಗೆ (ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆ) ಏಳು ವರ್ಷ ಬೇಕು ಅನ್ನುತ್ತಾರೆ.

ಉತ್ತರ: ಇವತ್ತಿನಿಂದಲೇ ಕನ್ನಡ ಅಕ್ಷರ ಶುರು ಮಾಡಿ. ಕರ್ನಾಟಕದ ಶಾಲೆಗಳಲ್ಲಿ 2015ರ ಕಾಯ್ದೆ ಪ್ರಕಾರ ಕನ್ನಡ ಕಲಿಸಲೇಬೇಕು, ಎಂಟನೇ ಕ್ಲಾಸಿನಲ್ಲಿ ಒಮ್ಮೆಲೇ ವ್ಯಾಕರಣ, ಹಳೆಗನ್ನಡ ಪದ್ಯ ಎದುರಾದರೆ ಮಗು ಕಂಗಾಲಾಗುತ್ತದೆ. ದಿನಾ ಅರ್ಧ ಗಂಟೆ ನೀವೇ ಕೂರಿಸಿ. ಮನೆಯಲ್ಲಿ ಮಾತು ಇರುವುದರಿಂದ ಬೇಗ ಹತ್ತುತ್ತದೆ.

ಸಿಇಟಿಗೆ ಒಂದನೆಯಿಂದ ಹನ್ನೆರಡನೆಯ ಕ್ಲಾಸಿನೊಳಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅನ್ನುವುದು ಮುಖ್ಯ ನಿಯಮ. ಎಂಟಕ್ಕೆ ಹೋದರೆ ಐದೇ ವರ್ಷ ಆಗುತ್ತದೆ, ನಿಜ. ಆದರೆ ಅದೊಂದೇ ದಾರಿಯಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರು ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಮಗಳು ಎರಡೂ ವರ್ಷ ಪಿಯುಸಿ ಅಲ್ಲೇ ಓದಿದರೆ ಅದಕ್ಕೂ ಅವಕಾಶ ಇದೆ. ಅದಕ್ಕಾಗಿ ನಿಮ್ಮ ಹಳೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ತೆಗೆದಿಟ್ಟುಕೊಳ್ಳಿ. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಮುಗಳಿವೆ, ಅದಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮುಂಬಯಿಯಲ್ಲೇ ಉಳಿಯುವ ಓದುಗರೂ ಇದನ್ನು ಗಮನಿಸಿ. ಆ ವರ್ಷದ ಮಾಹಿತಿ ಪುಸ್ತಿಕೆ ಬಂದಾಗ ಕಲಮು ಕಲಮಾಗಿ ಓದಿ. ಹತ್ತನೇ ಕ್ಲಾಸಿನ ನಡುವೆ ಮಾತ್ರ ಮಗುವನ್ನು ಕದಲಿಸಬೇಡಿ.

ಪ್ರಶ್ನೆ: ಠಾಣೆಯಿಂದ ಕಾರು ತೆಗೆದುಕೊಂಡು ಮಂಗಳೂರಿಗೆ ಹೋಗುತ್ತಿದ್ದೇವೆ. ಎಂಎಚ್ ನಂಬರು ಹಾಗೇ ಇಟ್ಟುಕೊಳ್ಳಬಹುದಾ?

ಉತ್ತರ: ಹನ್ನೆರಡು ತಿಂಗಳ ತನಕ. ಅದಕ್ಕಿಂತ ಜಾಸ್ತಿ ಅಲ್ಲೇ ಇಡುವುದಾದರೆ ಠಾಣೆ ಆರ್‌ಟಿಒದಿಂದ ಎನ್‌ಒಸಿ ತಂದು ಕೆಎ ನಂಬರು ಮಾಡಿಸಬೇಕು, ಅಲ್ಲಿಯ ತೆರಿಗೆ ಕಟ್ಟಬೇಕು. ಆಮೇಲೆ ಮಹಾರಾಷ್ಟ್ರದಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ತೆರಿಗೆ ವಾಪಸ್ ಕೇಳಬಹುದು. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಮೊದಲು ತೆಗೆದುಕೊಳ್ಳಿ. ಕಾರು ಹಳೆಯದಾದರೆ ಇಲ್ಲೇ ಮಾರಿ ಅಲ್ಲಿ ಇನ್ನೊಂದು ಕೊಳ್ಳುವುದು ಎಷ್ಟೋ ಸಲ ಲಾಭ.

ಪ್ರಶ್ನೆ: ನಾನು ಘಾಟ್‌ಕೋಪರ್‌ನಲ್ಲಿ ಹೋಟೆಲ್ ಕೆಲಸ ಮಾಡುತ್ತೇನೆ, ಊರು ಬೈಂದೂರು ಕಡೆ. ವಯಸ್ಸು ಮೂವತ್ತು. ಸ್ವಲ್ಪ ದುಡ್ಡು ಕೂಡಿಟ್ಟಿದ್ದೇನೆ. ಊರಲ್ಲಿ ನಮಗೆ ಒಂದು ಎಕರೆ ಇದೆ, ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಕೆಲಸ ಬಿಟ್ಟು ಹೋಗಿ ಅಡಿಕೆ ಹಾಕಲಾ?

ಉತ್ತರ: ಊರಿಗೆ ಹೋಗುವ ಆಸೆ ಒಳ್ಳೆಯದು, ಎಲ್ಲ ದುಡ್ಡನ್ನೂ ಅಡಿಕೆಗೆ ಹಾಕುವುದು ಬೇಡ. ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ. ಅಲ್ಲಿಯ ತನಕ ಊಟಕ್ಕೆ ಏನು? ಬೇಸಿಗೆಯಲ್ಲಿ ನೀರು ಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, ಮೈಲುತುತ್ತು ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್, ಮಳೆ ಬಿಟ್ಟ ಹೊತ್ತು ನೋಡಿ. ಮರ ಹತ್ತುವವರು ಸಿಗುವುದಿಲ್ಲ, ಫೈಬರ್ ದೋಟಿ ಬಂದ ಮೇಲೆ ನೆಲದಿಂದಲೇ ಹೊಡೆಯುವುದು, ಕೊಯ್ಯುವುದು ನಡೆಯುತ್ತದೆ, ಆದರೆ ಉದ್ದ ದೋಟಿ ಹಿಡಿದು ತಲೆ ಎತ್ತಿ ದಿನವಿಡೀ ನಿಲ್ಲುವುದಕ್ಕೂ ಕಸುಬು ಬೇಕು. ಈಗ ಎಲೆಚುಕ್ಕಿ ರೋಗ ಬೇರೆ ಎಷ್ಟೋ ತೋಟಗಳನ್ನು ಹಾಳು ಮಾಡಿದೆ. ಇದ್ದ ತೋಟದವರೇ ಕಷ್ಟದಲ್ಲಿರುವಾಗ ನಿಮ್ಮ ಉಳಿತಾಯವನ್ನು ಪೂರ್ತಿ ಅದರಲ್ಲಿ ಹೂಳಬೇಡಿ. ಕಾಲು ಎಕರೆಗೆ ಹಾಕಿ ನೋಡಿ, ಸಾಕು.

ಮನೆಯಲ್ಲಿ ಅಮ್ಮ, ಅಕ್ಕ ಇದ್ದರೆ ಮಲ್ಲಿಗೆ ಯೋಚಿಸಬಹುದು. ಶಂಕರಪುರದ ಸುತ್ತ ಬೆಳೆಯುವ ಉಡುಪಿ ಮಲ್ಲಿಗೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಕೆಲವು ಸೆಂಟ್ಸ್ ಜಾಗದಲ್ಲೇ ಎಷ್ಟೋ ಮನೆಗಳು ನಡೆದಿವೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಅಲ್ಲಿ ಅಟ್ಟೆ ಲೆಕ್ಕದಲ್ಲಿ ದರ, ನಾಲ್ಕು ಚೆಂಡು (ಕಟ್ಟಿದ ಹೂವಿನ ಉಂಡೆ) ಸೇರಿದರೆ ಒಂದು ಅಟ್ಟೆ. ದರ ದಿನಾ ಏರಿಳಿಯುತ್ತದೆ, ಮದುವೆ, ಹಬ್ಬದ ದಿನ ಒಂದು, ಆಷಾಢದಲ್ಲಿ ಇನ್ನೊಂದು. ಬೈಂದೂರಿನಿಂದ ಹೂವು ಸಾಗಿಸುವ ವ್ಯವಸ್ಥೆ ನಿಮ್ಮ ಊರಲ್ಲಿ ಇದೆಯಾ ನೋಡಿಕೊಂಡೇ ಗಿಡ ತನ್ನಿ.

ಆದರೆ ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳ ಹೋಟೆಲ್ ಕೆಲಸ. ದೋಸೆ ಕಲ್ಲಿನ ಮುಂದೆ ನಿಂತವರಿಗೆ, ಗಲ್ಲಾ ನೋಡಿದವರಿಗೆ ಹೆದ್ದಾರಿ 66ರ ಪಕ್ಕ, ಕೊಲ್ಲೂರು ದಾರಿಯಲ್ಲಿ, ಮರವಂತೆ ಹತ್ತಿರ ಸಣ್ಣದಾಗಿ ಶುರು ಮಾಡುವ ಅವಕಾಶ ಇದೆ. ಪಂಚಾಯ್ತಿ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ ಆಹಾರ ಸುರಕ್ಷತಾ ನೋಂದಣಿ ಮಾಡಿಸಿ. ಮೊದಲ ವರ್ಷ ಬಾಡಿಗೆ ಜಾಗದಲ್ಲೇ ಇರಲಿ. ಮಳೆಗಾಲದಲ್ಲಿ ಗಿರಾಕಿ ಕಡಿಮೆ ಅನ್ನುವುದು ಲೆಕ್ಕದಲ್ಲಿರಲಿ.

ಈಗಲೇ ಕೆಲಸ ಬಿಡಬೇಡಿ. ಮಾಲೀಕರ ಹತ್ತಿರ ಮಾತಾಡಿ, ದಸರೆ ಕಳೆದ ಮೇಲೆ ಎರಡು ಮೂರು ತಿಂಗಳು ರಜೆ ಕೇಳಿ, ನಮ್ಮ ಹೋಟೆಲಿನವರು ಊರಿನ ವಿಷಯ ಅಂದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ನಿಮಗೆ ಪಿಎಫ್ ಇದ್ದರೆ ಅದನ್ನು ಒಡೆಯಬೇಡಿ, 10 ವರ್ಷ ಸೇವೆ ತುಂಬಿದರೆ ಪಿಂಚಣಿ ಹಕ್ಕು ಬರುತ್ತದೆ, ಎಷ್ಟು ವರ್ಷ ಆಗಿದೆ ಅಂತ ಪಾಸ್‌ಬುಕ್ ತೆಗೆದು ನೋಡಿ. ರೈಲು ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ದಸರೆ ದೀಪಾವಳಿ ಹೊತ್ತಿನ ಸೀಟು ನಿಮಿಷದಲ್ಲಿ ಹೋಗುತ್ತದೆ, ಹೋಗುವುದು ಬರುವುದು ಎರಡನ್ನೂ ಆಯಾ ಟಿಕೆಟ್ ತೆರೆದ ದಿನವೇ ಬುಕ್ ಮಾಡಿ.